ಮಗಳ ಎರಡನೆಯ ಮತ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಮಗಳೇ,

ಕೆಮ್ಮು ಹೇಗಿದೆ? ಟೈಲ್ಸ್ ಅಂಗಡಿಯ ದೂಳು ನಿನಗೆ ಆಗಿಬರುವುದಿಲ್ಲವೆಂದು ನಿನ್ನಮ್ಮ ದಿನಕ್ಕೆರಡು ಸಲ ನನ್ನನ್ನು ಗದರಿಸುತ್ತಾಳೆ, ಅಂಗಡಿ ನನ್ನದೇ ಎಂಬಂತೆ. ಬಿಸಿನೀರು ಕುಡಿ. ನಾನು ಚೆನ್ನಾಗಿದ್ದೇನೆ. ಕನ್ನಡಕದ ನಂಬರು ಮಾತ್ರ ಮತ್ತೆ ಏರಿದೆ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕೂತು ಬೇರೆಯವರ ತಪ್ಪು ಹುಡುಕಿದವರಿಗೆ ಇಷ್ಟು ಶಿಕ್ಷೆ ಕಡಿಮೆಯೇ ಆಯಿತು ಎನ್ನುತ್ತಾಳೆ ಅವಳು.

ನಿನ್ನ ಮತದಾರರ ಚೀಟಿ ಬಂದಿದೆ. ಫೋನಿನಲ್ಲಿ ಹೇಳಿದರೆ "ಹರಿದು ಹಾಕಪ್ಪಾ, ನಾನಿನ್ನು ಓಟು ಹಾಕಲ್ಲ" ಎಂದು ಇಟ್ಟುಬಿಟ್ಟೆ. ಮೂರು ವಾರದಿಂದ ಆ ಫೋನೂ ಇಲ್ಲ, ಅದಕ್ಕೇ ಈ ಕಾಗದ. ನಿನ್ನ ಸಿಟ್ಟಿನಲ್ಲಿ ತಪ್ಪಿಲ್ಲ. ಕಳೆದ ಸಲ ಆ ಪಕ್ಷದವರು ವಿದ್ಯಾರ್ಥಿಗಳ ಸಾಲ ಮನ್ನಾ ಎಂದು ಕರಪತ್ರ ಹಂಚಿದಾಗ, ಅದನ್ನು ಗೆಳತಿಯರ ಮನೆ ಮನೆಗೂ ಒಯ್ದವಳು ನೀನು. ಮತದಾನದ ದಿನ ಬೆಳಗ್ಗೆ ಏಳಕ್ಕೇ ಎಲ್ಲರನ್ನೂ ಎಬ್ಬಿಸಿ ಕರೆದೊಯ್ದು ಸಾಲಿನಲ್ಲಿ ನಿಲ್ಲಿಸಿದೆ. ಅವರು ಗೆದ್ದರು. ಆಮೇಲೆ ಬ್ಯಾಂಕಿಗೆ ಹೋದರೆ "ಇನ್ನೂ ಓದ್ತಾ ಇರೋರಿಗೆ ಮಾತ್ರ, ನಿಮ್ಮದು ಮುಗೀತಲ್ಲ" ಅಂದರು. ನಿಮ್ಮ ಕೊನೆಯ ಪರೀಕ್ಷೆ ಚುನಾವಣೆಗೆ ಮೊದಲೇ ಮುಗಿದಿತ್ತು. ಕಟ್ಟಡಗಳ ನಕ್ಷೆ ಬರೆಯಲು ಕಲಿತವಳು ಕಂತು ಕಟ್ಟುವುದಕ್ಕಾಗಿ ಯಾರದೋ ಬಚ್ಚಲುಮನೆಯ ಟೈಲ್ಸ್ ಎಣಿಸುತ್ತಿದ್ದೀಯ. "ನಿನ್ನ ಮಾತು ಕೇಳಿ ಕೆಟ್ವಿ" ಎಂದು ಗೆಳತಿಯರು ದೂರವಾದದ್ದು ನಿನಗೆ ಆ ಸಾಲಕ್ಕಿಂತ ದೊಡ್ಡ ನೋವೆಂದು ನನಗೆ ಗೊತ್ತು.

ಆದರೂ ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ? ನಿಮ್ಮ ವಯಸ್ಸಿನವರು ಮತಗಟ್ಟೆಗೆ ಬಾರದಿದ್ದರೆ ಅವರಿಗೆ ಇನ್ನೂ ನಿಶ್ಚಿಂತೆ. ಬಾರದವರಿಗೆ ಸುಳ್ಳು ಹೇಳುವ ಶ್ರಮವೂ ಉಳಿಯುತ್ತದೆ. ನಿನಗೆ ಸರಿ ಕಂಡವರಿಗೆ ಹಾಕು, ಇಲ್ಲವೇ ಯಾರೂ ಬೇಡ ಎಂದು ಒತ್ತು, ಆದರೆ ಬಂದು ಒತ್ತು. ಚೀಟಿ ಹರಿದಿಲ್ಲ, ನಿನ್ನ ಮೇಜಿನ ಮೇಲಿದೆ.

ಅಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ. ಕಲಿತ ಕೆಲಸವೇ ನಿನ್ನ ಕೈಗೆ ಸಿಗಲಿ ಎಂದು ಹಾರೈಸುವ,

ನಿನ್ನ ಅಪ್ಪ

ವಿ.ಸೂ.: ಬರೆಯಲು ಮರೆತೆ ಎನ್ನಲು ಹೊರಟಿದ್ದೆ. ಮರೆತಿಲ್ಲ. ಆ ಕರಪತ್ರದ ಕರಡು ತಿದ್ದಿದವನು ನಾನು. "ಇನ್ನೂ ಓದುತ್ತಿರುವವರಿಗೆ ಮಾತ್ರ" ಎಂಬ ಸಾಲು ಅವರು ಬರೆದುಕೊಟ್ಟದ್ದರಲ್ಲಿ ಇತ್ತು. ಅಭ್ಯರ್ಥಿಯ ಫೋಟೋ ದೊಡ್ಡದು ಮಾಡಿಸಿದ್ದರಿಂದ ಪುಟಕ್ಕೆ ಒಂದು ಸಾಲು ಹೆಚ್ಚಾಯಿತು. ಯಾವುದನ್ನಾದರೂ ತೆಗೆಯಿರಿ ಎಂದರು ನಮ್ಮ ಪ್ರೆಸ್ಸಿನ ಮಾಲೀಕರು. ನಾನು ಅದನ್ನು ಹೊಡೆದುಹಾಕಿದೆ, ಪುಟ ಚೆನ್ನಾಗಿ ಕೂತಿತು. ಸಂಜೆ ಒಂದು ಪ್ರತಿ ಮನೆಗೆ ತಂದೆ. ಓದಿ ನೀನು ಕುಣಿದಾಡಿದೆಯಲ್ಲ, ಆಗ ನಿನ್ನ ಪರೀಕ್ಷೆ ಮುಗಿದದ್ದು ನೆನಪಾಯಿತು. ಖುಷಿ ಒಂದು ದಿನ ಇರಲಿ, ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ನಾಳೆ ಎನ್ನುತ್ತ ಮತದಾನದ ದಿನ ಬಂದುಬಿಟ್ಟಿತು. ಸಿಟ್ಟು ನನ್ನ ಮೇಲಿರಲಿ, ಮತದ ಮೇಲೆ ಬೇಡ. ಈ ಕಾಗದವನ್ನು ನಿನ್ನ ಗೆಳತಿಯರಿಗೂ ತೋರಿಸು.