ಓದಿಗೆ ಮುಯ್ಯಿ ಇಲ್ಲ

ಮಾರಿಕಣಿವೆ
ಹಿರಿಯೂರು ತಾಲ್ಲೂಕು
30-3-1958, ಭಾನುವಾರ

ನನ್ನ ಹಾಲಸ್ವಾಮಿ,

ನಿನ್ನ ಪಂಚಾಕ್ಷರಪ್ಪ ಮೇಷ್ಟ್ರ ಆಶೀರ್ವಾದ ಮೊದಲು ನಿನಗೆ ಮುಟ್ಟಲಿ. ಉಳಿದದ್ದು ಓದಿದ ಮೇಲೆ ಅದನ್ನು ಇಟ್ಟುಕೊಳ್ಳುವುದೋ ವಾಪಸು ಕಳಿಸುವುದೋ ನೀನೇ ತೀರ್ಮಾನಿಸು.

ನಿನ್ನ ಮೂರು ಕಾಗದ ಬಂದಿವೆ. ಒಂದಕ್ಕೂ ಉತ್ತರ ಬರೆದಿಲ್ಲ. ಶಾಲೆಗೆ ಇನ್‌ಸ್ಪೆಕ್ಷನ್ ಇತ್ತು, ಮಂಡಿ ನೋವು ಜಾಸ್ತಿಯಾಗಿತ್ತು ಎಂದೆಲ್ಲ ಬರೆಯಬಹುದಿತ್ತು. ಮಂಡಿ ನೋವು ನಿಜವೇ, ಆದರೆ ನಾನೇನು ಮಂಡಿಯಲ್ಲಿ ಬರೆಯುವುದಿಲ್ಲ. ಧೈರ್ಯ ಬರಲಿಲ್ಲ, ಅಷ್ಟೇ. ನಿನಗೆ ಮುಂದಿನ ತಿಂಗಳು ಕೊನೆಯ ಪರೀಕ್ಷೆ ಎಂಬುದು ಗೊತ್ತಿದ್ದೂ ಈಗ ಬರೆಯುತ್ತಿದ್ದೇನೆ. ಪೂರ್ತಿ ಓದು, ಮಧ್ಯೆ ಎದ್ದು ಹೋಗಬೇಡ. ಓದಿದ ದಿನವೇ ನಿನ್ನ ಅಪ್ಪ ಕರಿಸಿದ್ದಪ್ಪನಿಗೆ ಒಂದು ತಂತಿ ಕೊಡಬೇಕು. ಅದರಲ್ಲಿ ಏನಿರಬೇಕೆಂದು ಕೊನೆಯಲ್ಲಿ ಹೇಳುತ್ತೇನೆ.

ಊರಿನ ಕಡೆ ಯುಗಾದಿ ಕಳೆಯಿತು. ಕಣಿವೆಯಲ್ಲಿ ನೀರು ಪರವಾಗಿಲ್ಲ. ನಿಮ್ಮ ಹಟ್ಟಿಯವರ ಕುರಿಗಳು ಹಿನ್ನೀರಿನ ಅಂಚಿನಲ್ಲಿ ಮೇಯುತ್ತಿವೆ. ನಿನ್ನ ಅವ್ವ ಬೊಮ್ಮಕ್ಕನಿಗೆ ಎಡಗಣ್ಣಿಗೆ ಪೊರೆ ಬಂದಿದೆ, ಆದರೂ ಉಣ್ಣೆ ನೂಲುವುದು ಬಿಟ್ಟಿಲ್ಲ. ನೀನು ಉಣ್ಣೆಯ ಶಾಸ್ತ್ರ ಓದಲು ಇಂಗ್ಲೆಂಡಿಗೆ ಹೋದ ಹೊಸದರಲ್ಲಿ ಆಕೆ ನನ್ನನ್ನು ಕಂಡಾಗಲೆಲ್ಲ, "ನಾಕು ತಲೆಮಾರಿಂದ ಉಣ್ಣೆ ಕತ್ತರಿಸ್ತೀವಿ ಮೇಷ್ಟ್ರೇ, ಅದನ್ನ ಕಲಿಯಾಕೆ ನನ್ ಮಗ ಹಡಗು ಹತ್ಬೇಕಿತ್ತಾ" ಎಂದು ಛೇಡಿಸುತ್ತಿದ್ದಳು. ಈಗ ಛೇಡಿಸುವುದಿಲ್ಲ.

ನೀನು ಜನವರಿಯಲ್ಲಿ ಬರೆದ ಕಾಗದದ ವಿಷಯಕ್ಕೆ ಬರುತ್ತೇನೆ. ಅಲ್ಲಿನ ಪ್ರೊಫೆಸರು ಇನ್ನೂ ಎರಡು ವರ್ಷ ಇದ್ದು ಸಂಶೋಧನೆ ಮಾಡು ಎಂದಿದ್ದಾರೆ, ಫೀಜು ಬೇಡವಂತೆ, ಊಟ ವಸತಿಗೆ ಮಾತ್ರ ಮೂರು ಸಾವಿರ ಬೇಕು ಎಂದು ಬರೆದಿದ್ದೆ. "ಮೊದಲ ಸಲ ನನ್ನನ್ನು ಕಳಿಸಿಕೊಟ್ಟ ಮಹನೀಯರು ಈಗಲೂ ಕೈಬಿಡಲಾರರು" ಎಂದೂ ಬರೆದಿದ್ದೆ. ಜೊತೆಗೆ ಹಿರಿಯೂರಿನ ತೆಂಗಿನಕಾಯಿ ಮಂಡಿಯ ರಂಗಪ್ಪನವರಿಗೆ ಬೇರೆ ಒಂದು ಕಾಗದ ಇಟ್ಟಿದ್ದೆ.

ತೆಗೆದುಕೊಂಡು ಹೋಗಿ ಕೊಟ್ಟೆ. ರಂಗಪ್ಪನವರು ಗುಮಾಸ್ತನ ಕೈಲಿ ಗಟ್ಟಿಯಾಗಿ ಓದಿಸಿದರು. ನೀನು ಅವರನ್ನು "ನನ್ನ ಎರಡನೆಯ ತಂದೆ" ಎಂದು ಬರೆದಿದ್ದ ಸಾಲನ್ನು ಎರಡು ಸಲ ಓದಿಸಿದರು. ಕಾಯಿ ಸುಲಿಯುವವರೆಲ್ಲ ಕೆಲಸ ಬಿಟ್ಟು ಕೇಳಿದರು. ನನಗೆ ಕಾಫಿ ತರಿಸಿದರು. "ಹುಡುಗ ಬುದ್ಧಿವಂತ, ಚೆನ್ನಾಗಿ ಬರ್ದವ್ನೆ, ಕಟ್ಟು ಹಾಕ್ಸಿ ಗೋಡೆಗೆ ಹಾಕ್ತೀನಿ" ಅಂದರು. ದುಡ್ಡು ಕೊಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೊದಲ ಸಲವೂ ಅವರು ಕೊಟ್ಟದ್ದು ಹನ್ನೊಂದು ರೂಪಾಯಿ ಮತ್ತು ಒಂದು ಮೂಟೆ ಕಾಯಿ. ಅವರು ನಿನ್ನನ್ನು ಕಳಿಸಿದರೆಂಬುದು ನಾನು ಹೇಳಿದ ಸುಳ್ಳು.

ನಿಜ ಹೀಗಿದೆ, ಕೇಳು. ಐವತ್ತೈದನೆಯ ಇಸವಿಯಲ್ಲಿ ನೀನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಪರೀಕ್ಷೆಗೆ ಕೂತಿದ್ದಾಗ ಇಂಗ್ಲೆಂಡಿನಿಂದ ಸೀಟು ಬಂತಲ್ಲ, ಹಡಗಿನ ಚಾರ್ಜು, ಬಟ್ಟೆಬರೆ, ಮೊದಲ ವರ್ಷದ ಖರ್ಚು ನಮ್ಮದೇ ಎಂದಾಯಿತಲ್ಲ, ಆಗ ನಾನು ಸೈಕಲ್ ಹತ್ತಿ ಹೊರಟೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗ ಎಲ್ಲಾ ತಿರುಗಿದೆ. ವಕೀಲರು ಐದು ಕೊಟ್ಟರು, ಡಾಕ್ಟರು ಹತ್ತು ಕೊಟ್ಟರು. ಬೇಕಿದ್ದ ಎರಡೂವರೆ ಸಾವಿರದಲ್ಲಿ ಇನ್ನೂರು ಚಿಲ್ಲರೆ ಆಯಿತು. ಆಮೇಲೆ ನಿಮ್ಮವರ ಹಟ್ಟಿಗಳಿಗೇ ಹೋದೆ. ಎಲ್ಲ ಕಡೆ ಕಂಬಳಿ ಹಾಸಿದರು, ಹಾಲು ಕೊಟ್ಟರು, ಮುದ್ದೆ ಹಾಕಿದರು. ದುಡ್ಡಿನ ಮಾತು ಬಂದರೆ ಎದ್ದು ಕುರಿ ನೋಡಲು ಹೋದರು.

ನನಗೆ ಉರಿದುಹೋಯಿತು. ನಿಮ್ಮದೇ ಹುಡುಗ ಸಮುದ್ರ ದಾಟುವಾಗ ಒಂದು ಮರಿ ಮಾರಿ ಕೊಡಲಾರಿರಾ ಎಂದು ಕೂಗಾಡಿದೆ. ಆಗ ನಿಮ್ಮ ಹಿರೀಕ ಕಾಟಲಿಂಗಪ್ಪ ನನ್ನನ್ನು ಕೂರಿಸಿಕೊಂಡು ಹೇಳಿದ. "ಮೇಷ್ಟ್ರೇ, ನಾವು ಕೊಡದೋರಲ್ಲ. ಮದುವಿಗೆ ಮುಯ್ಯಿ ಅಂತ ಕೊಡ್ತೀವಿ. ನಾನು ಇವತ್ತು ಒಂದು ಮರಿ ಕೊಟ್ರೆ ನಾಳೆ ನನ್ ಮಗಳ ಮದುವಿಗೆ ಅವನು ಒಂದು ಮರಿ ತರ್ತಾನೆ. ಓದಿಗೆ ಮುಯ್ಯಿ ಎಲ್ಲೈತೆ? ನಮ್ ಮನ್ಯಾಗೆ ಸೀಮೆಗೆ ಹೋಗಿ ಓದೋನು ಯಾವಾಗ ಹುಟ್ಬೇಕು, ಅದು ಯಾವಾಗ ತಿರುಗಿ ಬರ್ಬೇಕು? ತಿರುಗಿ ಬರದಂಗೆ ಕೊಟ್ರೆ ಅದು ಭಿಕ್ಷ. ಕರಿಸಿದ್ದಪ್ಪ ಭಿಕ್ಷ ಮುಟ್ಟಲ್ಲ. ಮುಟ್ಟಿದ್ರೆ ಅವನ ಪಕ್ಕ ಕುಂತು ನಾವು ಉಣ್ಣಲ್ಲ."

ನಾನು ಸಿರಿಗೆರೆ ಕಡೆಯವನು. ನಿಮ್ಮ ಹಟ್ಟಿಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿ ಮದುವೆಯೂಟಕ್ಕೆಲ್ಲ ಹೋಗಿ ಬಂದರೂ ಇದು ನನ್ನ ತಲೆಗೆ ಹೋಗಿರಲಿಲ್ಲ. ಅದು ತಲೆಗೆ ಹೋದ ಕೂಡಲೇ ಏನು ಮಾಡಿದೆ ಗೊತ್ತೇ? ನಿನ್ನ ಅಪ್ಪ ಕರಿಸಿದ್ದಪ್ಪನ ಹತ್ತಿರ ಹೋಗಿ ಹೇಳಿಕೊಂಡು ನಕ್ಕೆ. "ಓದಿಗೆ ಕೊಡುವುದಿಲ್ಲವಂತೆ ಮಾರಾಯ, ಮದುವೆಗಾದರೆ ಮನೆಗೊಂದು ಮರಿ ಕೊಡುತ್ತಾರಂತೆ" ಎಂದೆ. ಅವನು ನಗಲಿಲ್ಲ. ನಿನ್ನ ತಂಗಿ ಗಿರಿ ಅಲ್ಲೇ ಬಾಗಿಲ ಹತ್ತಿರ ಕೂತು ಸ್ಲೇಟು ಒರೆಸುತ್ತಿದ್ದಳು. ಅವನು ಅವಳ ಕಡೆ ನೋಡಿದ.

ಎಂಟು ದಿನದಲ್ಲಿ ಚಪ್ಪರ ಎದ್ದಿತು. ಚಪ್ಪರದ ಪಕ್ಕ ರೊಪ್ಪ ಹಾಕಿದರು. ಮುಯ್ಯಿ ಬಂದ ಮರಿಗಳನ್ನೆಲ್ಲ ಅದರೊಳಗೆ ಬಿಟ್ಟರು. ಹೊಸದುರ್ಗದ ಕಡೆಯಿಂದಲೂ ನೆಂಟರು ಮರಿ ಹೊತ್ತು ಬಂದರು. ಯಾವ ಮರಿ ಯಾರದೆಂದು ಪುಸ್ತಕದಲ್ಲಿ ಬರೆಯಲು ಓದಿದವರು ಬೇಕಲ್ಲ, ನಾನೇ ಕೂತು ಬರೆದೆ. ಮೂರನೆಯ ದಿನ ಅಷ್ಟನ್ನೂ ಹಿರಿಯೂರು ಸಂತೆಗೆ ಹೊಡೆದರು. ನಿನ್ನ ಟಿಕೇಟು ಆಯಿತು.

ನೀನು ಪರೀಕ್ಷೆ ಮುಗಿಸಿ ಬಂದಾಗ ಗಿರಿ ಹಸಿರು ಬಳೆ ತೋರಿಸಿದಳು. "ಇಷ್ಟು ಚಿಕ್ಕದಕ್ಕೆ ಯಾಕೆ ಮದುವೆ ಮಾಡಿದಿರಿ" ಎಂದು ನೀನು ಬೈದೆ. ಗಂಡಿನ ಕಡೆಯವರು ಅವಸರ ಮಾಡಿದರು ಎಂದ ನಿನ್ನ ಅಪ್ಪ. ದುಡ್ಡು ಎಲ್ಲಿಂದ ಬಂತು ಎಂದು ನೀನು ಕೇಳಿದ್ದು ನನ್ನನ್ನು. ನಾನು ರಂಗಪ್ಪನವರ ಹೆಸರು ಹೇಳಿದೆ. ನೀನು ನಂಬಿದೆ. ಮೇಷ್ಟ್ರು ಸುಳ್ಳು ಹೇಳುವುದಿಲ್ಲ ಎಂದು ನಾನೇ ನಿನಗೆ ಕಲಿಸಿದ್ದೆ.

ಈಗ ಕೂತುಕೊಂಡು ಓದು. ಗಿರಿ ಯಾಕೆ ಕಾಗದ ಬರೆಯುತ್ತಿಲ್ಲ ಎಂದು ಮೂರು ಕಾಗದದಲ್ಲೂ ಕೇಳಿದ್ದೀಯ. ಗಿರಿ ಇಲ್ಲ, ಹಾಲಸ್ವಾಮಿ. ಸಂಕ್ರಾಂತಿಯ ಮಾರನೆಯ ದಿನ ತೀರಿಕೊಂಡಳು.

ಹೋದ ವರ್ಷದ ಯುಗಾದಿಯ ಮೇಲೆ ಅವಳನ್ನು ಹೊಳಲ್ಕೆರೆ ಕಡೆ ಗಂಡನ ಮನೆಗೆ ಕಳಿಸಿದ್ದರು. ಬಾಣಂತನಕ್ಕೆಂದು ತವರಿಗೆ ಬಂದಳು. ಬಂದವಳು ದಿನಾ ಶಾಲೆಗೆ ಬಂದು ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದಳು. "ಮನ್ಯಾಗೆ ಬ್ಯಾಸರ ಆಗ್ತೈತೆ, ಸುಮ್ಕೆ ಕುಂತ್ಕತೀನಿ ಮೇಷ್ಟ್ರೇ" ಅನ್ನುತ್ತಿದ್ದಳು. ಬೋರ್ಡಿನ ಮೇಲೆ ನಾನು ಲೆಕ್ಕ ಬರೆದರೆ ಹುಡುಗರಿಗಿಂತ ಮೊದಲು ಉತ್ತರ ಹೇಳಿಬಿಡುತ್ತಿದ್ದಳು. ನಿನಗಿಂತ ಚುರುಕು, ಅದು ನಿನಗೂ ಗೊತ್ತು. ನೋವು ಶುರುವಾಗಿ ಎರಡು ದಿನ ಸೂಲಗಿತ್ತಿಯನ್ನು ನಂಬಿ ಕೂತರು. ಮೂರನೆಯ ಬೆಳಗ್ಗೆ ಗಾಡಿ ಕಟ್ಟಿ ಹಿರಿಯೂರು ಆಸ್ಪತ್ರೆಗೆ ಹೊರಟೆವು. ನಾನೂ ಗಾಡಿಯ ಹಿಂದೆ ಸೈಕಲ್ ತಳ್ಳಿಕೊಂಡು ಹೋದೆ. ವೇದಾವತಿ ಸೇತುವೆ ಇನ್ನೂ ದೂರ ಇತ್ತು, ಬೊಮ್ಮಕ್ಕ ಗಾಡಿ ನಿಲ್ಲಿಸಿ ಅಂದಳು. ಮಗುವೂ ಉಳಿಯಲಿಲ್ಲ.

ಪರೀಕ್ಷೆ ಮುಗಿಯುವವರೆಗೆ ನಿನಗೆ ತಿಳಿಸಿದರೆ ಬೀರಪ್ಪನ ಆಣೆ ಎಂದು ನಿನ್ನ ಅಪ್ಪ ನನ್ನ ಕೈಮೇಲೆ ಕೈ ಇಟ್ಟು ಆಣೆ ಹಾಕಿಸಿದ. ಅದನ್ನು ಇವತ್ತು ಮುರಿದಿದ್ದೇನೆ. ಯಾಕೆಂದರೆ, ಅವಳು ಹೋದ ಹದಿನೆಂಟನೆಯ ದಿನ, ದುಡ್ಡಿನ ವಿಷಯ ಬರೆದ ನಿನ್ನ ಕಾಗದ ಅವನಿಗೂ ಬಂತು. ನಿನ್ನ ಅಪ್ಪ ಓದಿಸಲು ತಂದ. ಬುದ್ಧಿ ಇದ್ದಿದ್ದರೆ ದುಡ್ಡಿನ ಸಾಲುಗಳನ್ನು ನುಂಗಿ ಉಳಿದದ್ದು ಓದುತ್ತಿದ್ದೆ. ನಾನು ಒಂದಕ್ಷರ ಬಿಡದೆ ಓದಿದೆ. ಅವನು ಎಷ್ಟಂತೆ ಎಂದು ಕೇಳಿದ. ಹೇಳಿದೆ. "ಪುಟ್ಟಿ ಐತಲ್ಲ" ಅಂದ.

ನಿನ್ನ ಚಿಕ್ಕ ತಂಗಿ ಪುಟ್ಟಕ್ಕ, ಹಾಲಸ್ವಾಮಿ. ನೀನು ಹೊರಡುವಾಗ ನಿನ್ನ ಟ್ರಂಕಿನ ಮೇಲೆ ಕೂತು ಇಳಿಯುವುದಿಲ್ಲ ಎಂದು ಅತ್ತವಳು. ಅವಳಿಗೆ ಈಗ ಹತ್ತು ವರ್ಷ. ಹೊಸದುರ್ಗದ ಕಡೆಯ ಗಂಡು, ವಯಸ್ಸು ಇಪ್ಪತ್ತಾರು. ಏಪ್ರಿಲ್ ಇಪ್ಪತ್ತೆಂಟನೇ ತಾರೀಖು, ಸೋಮವಾರ, ಲಗ್ನ. ಮೊದಲಿನ ಮುಯ್ಯಿಯನ್ನು ನಿನ್ನ ಅಪ್ಪ ಈ ಮೂರು ವರ್ಷದಲ್ಲಿ ಮದುವೆ ಮದುವೆಗೆ ಹೋಗಿ ಬಹುಪಾಲು ತಿರುಗಿಸಿದ್ದಾನೆ. ಹಾಗಾಗಿ ಈ ಸಲವೂ ಎಲ್ಲರೂ ಮರಿ ಹಿಡಿದುಕೊಂಡೇ ಬರುತ್ತಾರೆ.

ನಾನು ಜಗಳವಾಡಿದೆ. ಒಂದು ಹುಡುಗಿ ಹೋದದ್ದು ಸಾಲದೇನಯ್ಯ ಎಂದೂ ಕೇಳಿಬಿಟ್ಟೆ. ಅವನು ಸಿಟ್ಟಾಗಲಿಲ್ಲ. ಕಂಬಳಿ ಸರಿಮಾಡಿಕೊಂಡು ನಿಧಾನಕ್ಕೆ ಹೇಳಿದ. "ಗಿರಿ ಹೋದ್ಲು ಮೇಷ್ಟ್ರೇ. ಈಗ ಇವನು ದುಡ್ಡಿಲ್ಲ ಅಂತ ಅರ್ಧಕ್ಕೇ ಎದ್ದು ಬಂದ್ರೆ, ಅವಳು ಹೋಗಿದ್ದು ಎದಕ್ಕೆ? ನೀವು ಓದಿದೋರು, ಹೇಳ್ರಿ." ಎದ್ದು ಬಂದುಬಿಟ್ಟೆ.

ಹೊರಗೆ ಬೊಮ್ಮಕ್ಕ ನೂಲುತ್ತಾ ಕೂತಿದ್ದಳು. ತಲೆ ಎತ್ತದೆ, "ನೀವು ಅಂದ್ರೂ ಕೇಳಲ್ಲ, ನಾನು ಅಂದ್ರೂ ಕೇಳಲ್ಲ. ಹಾಲಸ್ವಾಮಿ ಬ್ಯಾಡ ಅಂದ್ರೆ ನಿಲ್ತೈತೆ. ಅವನಿಗೆ ಬರೀರಿ" ಅಂದಳು. ಆಣೆ ಇದೆಯಲ್ಲಮ್ಮ ಎಂದೆ. "ಆಣೆ ಬಂದ್ರೆ ನನ್ ಮ್ಯಾಲೆ ಬರ್ಲಿ, ಬರೀರಿ" ಅಂದಳು.

ಅದಕ್ಕೇ ಈ ಕಾಗದ. ತಂತಿಯಲ್ಲಿ ಇಷ್ಟೇ ಇರಲಿ: ಹಣ ಬೇಡ. ಓದು ಪೂರ್ತಿ ಆಯಿತು. ಪರೀಕ್ಷೆ ಮುಗಿಸಿ ಊರಿಗೆ ಬರುತ್ತೇನೆ. ಪುಟ್ಟಕ್ಕನ ಮದುವೆ ಮಾಡಕೂಡದು. ಇಂಗ್ಲಿಷಿನಲ್ಲೇ ಕೊಡು, ಇಲ್ಲಿ ಓದಿ ಹೇಳಬೇಕಾದವನು ನಾನೇ. ಸಂಶೋಧನೆ ಹೋಯಿತಲ್ಲ ಎಂದು ನಿನಗೆ ಅನ್ನಿಸಬಹುದು. ಅನ್ನಿಸಲಿ, ನನಗೂ ಅನ್ನಿಸುತ್ತದೆ. ಆದರೂ ಕೊಡು. ಪರೀಕ್ಷೆ ಮಾತ್ರ ಬಿಡಬೇಡ. ಇದನ್ನು ಓದಿದ ಮೇಲೆ ಹೇಗೆ ಬರೆಯುತ್ತೀಯೋ ನನಗೆ ತಿಳಿಯದು, ಹೇಗಾದರೂ ಬರೆ. ನನಗೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಅಲ್ಲಿನ ಚಳಿಯಲ್ಲಿ ಎದೆಗೆ ಬೆಚ್ಚಗೆ ಹೊದ್ದುಕೊ. ನಿನ್ನ ಅವ್ವ ಕಳಿಸಿದ ಕಂಬಳಿ ಇದೆಯಲ್ಲ. ಬೀರಪ್ಪ ನಿನ್ನನ್ನು ಕಾಪಾಡಲಿ, ದೂರದ ದಾರಿಯಲ್ಲಿ ನಿನಗೆ ಕೆಟ್ಟದ್ದಾಗದಿರಲಿ.

ಇಂತು ನಿನ್ನ ಒಳಿತನ್ನೇ ಬಯಸುವ,
ಪಂಚಾಕ್ಷರಪ್ಪ

ಮರೆತ ಮಾತು ಎಂದು ಬರೆಯಲು ಕೈ ಹೋಯಿತು. ಮರೆತಿರಲಿಲ್ಲ. ಗಿರಿಯ ಮದುವೆಯ ಮೇಲೆ ಯಾರೋ ಮೂಗರ್ಜಿ ಬರೆದಿದ್ದರು. ಕಂದಾಯದ ಶೇಕದಾರರು ಚಪ್ಪರಕ್ಕೇ ಬಂದು ಹುಡುಗಿಯ ವಯಸ್ಸೆಷ್ಟು ಎಂದು ಕೇಳಿದರು. ಕಾಯಿದೆಗೆ ಬೇಕಾದ ಹದಿನೈದು ತುಂಬಿದೆ ಎಂದು ಶಾಲೆಯ ಮೊಹರು ಒತ್ತಿ ರುಜು ಮಾಡಿ ಕೊಟ್ಟವನು ನಾನು. ಆಗ ಅವಳಿಗೆ ಹನ್ನೆರಡು. ಆ ದಿನ ಬೆಳಗ್ಗೆ ಹಾಜರಿ ಕೂಗಿದಾಗ ಅವಳ ಹೆಸರನ್ನೂ ಕೂಗಿದ್ದೆ. ನನ್ನ ಶಾಲೆಯ ಹುಡುಗ ಇಂಗ್ಲೆಂಡಿಗೆ ಹೋದ ಎಂದು ಹೇಳಿಕೊಳ್ಳುವ ಆಸೆ ನನಗಿತ್ತು. ಅವಳು ಹೋದಾಗಲೂ ಆ ಹದಿನೈದು ಅವಳಿಗೆ ತುಂಬಿರಲಿಲ್ಲ.

ಮೊನ್ನೆ ಶುಕ್ರವಾರ ನಿನ್ನ ಅಪ್ಪ ಶಾಲೆಗೆ ಬಂದು ಪುಟ್ಟಿಗೂ ಅಂಥದೇ ಚೀಟಿ ಕೇಳಿದ. ಆಗುವುದಿಲ್ಲ ಎಂದೆ. "ಗಿರಿಗೆ ಕೊಟ್ರಲ್ಲ ಮೇಷ್ಟ್ರೇ" ಅಂದ. ಕೈಕಟ್ಟಿಕೊಂಡು ನಿಂತೇ ಇದ್ದ. ಬರೆದುಕೊಟ್ಟೆ, ಹಾಲಸ್ವಾಮಿ.