ಸೋದರತ್ತೆ ಕರೆದ ಹೆಸರು

ಕಾರವಾರ ಬಂದರು,
ಕ್ರಿಸ್ತಶಕ ೨೧೮೭, ಹದಿಮೂರನೆಯ ತಿಂಗಳ ಒಂಬತ್ತನೇ ದಿನ

ನೂರೈವತ್ತು ವರ್ಷ ಹಿಂದೆ ಕಾನೂನು ಬರೆಯಲು ಕುಳಿತಿರುವ ಹಿರಿಯರಿಗೆ, ಹುಬ್ಬಳ್ಳಿಯ ನೀಲಗಂಗಾ ಹೂಗಾರ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ನಿಮಗೆ ತಿಳಿಯದ ಪದ ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಓಣಿಯವರೆಲ್ಲ ಹೇಳುತ್ತಾರೆ. ಇವತ್ತು ಅದು ಪೂರಾ ನಿಮ್ಮ ಮೇಲಿದೆ. ಮಧ್ಯಾಹ್ನ ಹನ್ನೆರಡರೊಳಗೆ ನಾನೊಂದು ಕಾಗದಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ನನ್ನ ತಮ್ಮನ ಮಗಳು ಯಾರ ಮಗಳೂ ಅಲ್ಲ ಎಂದಾಗುತ್ತದೆ. ಈಗ ಗಂಟೆ ಒಂಬತ್ತೂವರೆ.

ತಮ್ಮನ ಹೆಸರು ಇಂದುಧರ, ಅವನ ಹೆಂಡತಿ ಸರ್ವಮಂಗಳಾ. ಕಾಯಿಲೆಯ ದೆಸೆಯಿಂದ ಅವಳ ಗರ್ಭಕೋಶ ತೆಗೆದಿದ್ದರು. ಅವರಿಬ್ಬರ ಕೂಸನ್ನು ಓರ್ಮ ದ್ವೀಪದ ಎಲ್ಮೀರಾ ಎಂಬ ಹೆಣ್ಣುಮಗಳು ಹೊತ್ತು ಹೆತ್ತುಕೊಟ್ಟಳು. ನೀವು ಇಂಥವರನ್ನು ಬಾಡಿಗೆ ತಾಯಿ ಅನ್ನುತ್ತಿದ್ದಿರಂತೆ. ಎಂಥ ಮಾತು ಅದು! ನಾವು ಬಸಿರಕ್ಕ ಅನ್ನುತ್ತೇವೆ. ಓರ್ಮದಲ್ಲಿ ಹೊತ್ತವಳು ತಾಯಿಯಲ್ಲ. ಅಲ್ಲಿ ಪ್ರತಿ ಕೂಸನ್ನೂ ಸಾಕ್ಷಿತೊಟ್ಟಿಲಿನಲ್ಲಿ ಮಲಗಿಸುತ್ತಾರೆ, ಅಂದರೆ ಕೇಳಿದ ಮಾತನ್ನು ದಾಖಲಿಸಿಕೊಳ್ಳುವ ತೊಟ್ಟಿಲು. ಕೂಸನ್ನು ಮೊದಲು ಯಾವ ಹೆಂಗಸು ಹೆಸರು ಹಿಡಿದು ಕರೆಯುತ್ತಾಳೋ ಅವಳೇ ತಾಯಿ. ನಮ್ಮ ದೇಶವೋ, ಹುಟ್ಟಿದ ದೇಶ ಬರೆದದ್ದನ್ನು ಒಂದಕ್ಷರವೂ ತಿದ್ದುವುದಿಲ್ಲ.

ಹನ್ನೆರಡನೇ ದಿನ ಎಲ್ಮೀರಾಳ ಮನೆಯಲ್ಲೇ ಹೆಸರಿಡುವ ಶಾಸ್ತ್ರ ಮಾಡಿದೆವು. ತಾಯಿಯಾದವಳು ಹೆಸರು ಹೇಳಬೇಕೆಂದು ಅಲ್ಲಿಯ ಅಧಿಕಾರಿ ಮೊದಲೇ ತಿಳಿಸಿದ್ದ. ಅದು ಅವರ ಕಚೇರಿಯ ಕೆಲಸ, ಶಾಸ್ತ್ರ ಮುಗಿದ ಮೇಲೆ ಆಗಲಿ ಎಂದುಕೊಂಡೆವು. ಸರ್ವಮಂಗಳಾ ತೊಟ್ಟಿಲಿನಿಂದ ಹಿಂದೆ ಸರಿದು, “ಅಕ್ಕಾರ, ನೀವ ಹೇಳ್ರಿ. ಸ್ವಾದರತ್ತಿ ಇರೂ ಮುಂದ ನಾ ಹೆಂಗ ಹೇಳ್ಲಿ?” ಅಂದಳು. ನಾನು ಬಗ್ಗಿ ಕೂಸಿನ ಕಿವಿಯಲ್ಲಿ ‘ಶಿವಲೀಲಾ’ ಅಂದೆ. ಪದ್ಧತಿಯಂತೆ ಎಲ್ಲರೂ ನನ್ನ ಬೆನ್ನಿಗೆ ಗುದ್ದಿದರು, ಎಲ್ಮೀರಾಳೂ ನಗುತ್ತಾ ಒಂದು ಗುದ್ದಿದಳು. ನನ್ನ ಜನ್ಮದಲ್ಲಿ ಅಷ್ಟು ಖುಷಿ ಎಂದೂ ಆಗಿರಲಿಲ್ಲ. ತೊಟ್ಟಿಲಿನಲ್ಲಿ ‘ದಾಖಲಾಯಿತು’ ಎನ್ನುವ ಹಸಿರು ದೀಪ ಹತ್ತಿದ್ದನ್ನು ನಾವು ಯಾರೂ ಗಮನಿಸಲೇ ಇಲ್ಲ.

ಆಮೇಲೆ ಓರ್ಮದ ಕಚೇರಿಗೆ ಹೋದರೆ, ಹೆಸರು ಆಗಲೇ ದಾಖಲಾಗಿದೆ ಎಂದು ಮೊಹರು ಹಾಕಿದ ಲಕೋಟೆ ಕೊಟ್ಟು ಕಳಿಸಿದರು. ಕಾರವಾರದಲ್ಲಿ ಹಡಗು ಇಳಿದಾಗ ಇಲ್ಲಿಯ ಅಧಿಕಾರಿ ಅದನ್ನು ಒಡೆದು ಕಾಗದ ಓದಿದ. ತಂದೆ ಇಂದುಧರ, ತಾಯಿ ನೀಲಗಂಗಾ. ಒಂದೇ ಮನೆಯ ಅಕ್ಕ, ತಮ್ಮ! ಥೂ, ನೆಲ ಬಾಯಿಬಿಡಬಾರದೇ ಅನ್ನಿಸಿತು. ರಕ್ತ ಪರೀಕ್ಷೆ ಮಾಡಿ ನೋಡಿ ಎಂದು ಬೇಡಿಕೊಂಡೆವು. ತನಗೆ ಕಾಗದ ನೋಡುವ ಅಧಿಕಾರ ಮಾತ್ರ ಇರುವುದು ಅಂದ. ಓರ್ಮದವರನ್ನು ಕೇಳಿದರೆ, ತೊಟ್ಟಿಲು ಕೇಳಿದ್ದು ಕೇಳಿದ್ದೇ ಅಂದರು. ಅಕ್ಕ ತಮ್ಮನನ್ನು ತಂದೆತಾಯಿ ಎಂದು ನಮ್ಮ ಕಾನೂನು ಒಪ್ಪುವುದಿಲ್ಲವೆಂದು ಕೂಸನ್ನು ಅಲ್ಲೇ ಸರ್ವಮಂಗಳಾಳ ತೋಳಿನಿಂದ ತೆಗೆದುಕೊಂಡು ಹೋದರು.

ಕೂಸನ್ನು ಇಟ್ಟಿರುವುದು ತಂಗುಮಡಿಲಿನಲ್ಲಿ. ಎರಡು ದೇಶಗಳ ಕಾಗದ ತಾಳೆಯಾಗದ ಕೂಸುಗಳ ಮನೆ ಅದು. ಸ್ವಚ್ಛವಾಗಿದೆ, ಹೊತ್ತಿಗೆ ಸರಿಯಾಗಿ ಹಾಲು ಕುಡಿಸುತ್ತಾರೆ, ಸುಳ್ಳು ಹೇಳಲಾರೆ. ಆದರೆ ದಾದಿಯರು ಯಾವ ಕೂಸನ್ನೂ ಕರೆಯುವಂತಿಲ್ಲ. ಚಿನ್ನಾ, ಪುಟ್ಟಿ ಅಂದರೂ ಹಕ್ಕು ಹುಟ್ಟೀತೆಂಬ ಭಯ. ಕುಲಾಯಿಯ ಮೇಲೆ ಒಂದು ಸಂಖ್ಯೆ ಹೊಲಿದಿರುತ್ತಾರೆ, ನಮ್ಮದು ಇಪ್ಪತ್ತೇಳು. ಬೆಳಗ್ಗೆ ಹತ್ತು ನಿಮಿಷ ಗಾಜಿನಾಚೆಯಿಂದ ನೋಡಬಹುದು. ಸರ್ವಮಂಗಳಾ ಆ ಗಾಜಿಗೆ ಹಣೆ ಹಚ್ಚಿ ನಿಲ್ಲುತ್ತಾಳೆ. ನಲವತ್ತು ದಿನದಲ್ಲಿ ತೀರ್ಮಾನವಾಗದಿದ್ದರೆ ಕೂಸು ಸರ್ಕಾರದ್ದು, ಯಾವ ಊರಿಗೆ ಕಳಿಸುತ್ತಾರೋ ದೇವರೇ ಬಲ್ಲ. ಇವತ್ತು ನಲವತ್ತನೇ ದಿನ.

ಉಳಿದಿರುವುದು ಒಂದೇ ದಾರಿ. ಕಾಗದದ ತಾಯಿಯಾದ ನಾನು ಕೂಸನ್ನು ಬಿಟ್ಟುಕೊಟ್ಟರೆ ಸರ್ವಮಂಗಳಾ ದತ್ತು ತೆಗೆದುಕೊಳ್ಳಬಹುದು. “ನನ್ನ ಮಗಳನ್ನ ನಾನ ದತ್ತಕ ತಗೋಬೇಕೇನ್ರಿ?” ಎಂದು ಅವಳು ಕಚೇರಿಯಲ್ಲೇ ಕೂಗಾಡಿದಳು. ಆದರೆ ಬಿಟ್ಟುಕೊಟ್ಟವಳು ಹದಿನೆಂಟು ವರ್ಷ ಆ ಮಗುವಿನ ಕಣ್ಣಿಗೆ ಬೀಳಬಾರದು, ಒಂದೇ ಸೂರಿನಡಿ ಇರಬಾರದು. ಕೂಸು ಮಾರುವವರನ್ನು ತಡೆಯಲು ಬರೆದ ಕಾನೂನು, ಕೆಟ್ಟದ್ದೆನ್ನಲಾರೆ. ನನಗೀಗ ಐವತ್ತೆರಡು. ಮದುವೆಯಾಗಲಿಲ್ಲ, ಅವ್ವ ತೀರಿದ ಮೇಲೆ ಇಂದುಧರನನ್ನು ಎತ್ತಿ ಆಡಿಸಿದವಳು ನಾನೇ, ಇರುವುದೂ ಅವನ ಮನೆಯಲ್ಲೇ. ನಿನ್ನೆ ಅವನು ನನ್ನ ಎದುರು ಕುಳಿತು, “ಅಕ್ಕಾ, ಸಹಿ ಹಾಕು ಅಂತ ಹೆಂಗ ಹೇಳ್ಲಿ? ಹಾಕಬ್ಯಾಡ ಅಂತ ಹೆಂಗ ಹೇಳ್ಲಿ?” ಎಂದು ಅತ್ತ. ಸುಮ್ಮನಿರೋ ಹುಚ್ಚಪ್ಪಾ ಎಂದು ಗದರಿಸಿದೆ. ಒಳಗೆ ಹೋಗಿ ನಾನೂ ಅತ್ತೆ.

ನೀವು ಎಲ್ಲ ದೇಶಗಳವರೂ ಇಂಥ ಕೂಸುಗಳ ಕಾನೂನು ಬರೆಯಲು ಒಂದು ಮೇಜಿನ ಸುತ್ತ ಕೂತಿದ್ದೀರಿ, ಅವರವರ ದೇಶ ಅವರವರೇ ನೋಡಿಕೊಳ್ಳಲಿ ಎಂದು ಎದ್ದುಹೋಗುವ ಆತುರದಲ್ಲಿದ್ದೀರಿ. ಏಳಬೇಡಿ, ಕೈಮುಗಿಯುತ್ತೇನೆ. ಕೂಸು ಹುಟ್ಟುವ ಮೊದಲೇ ಅದರ ತಂದೆತಾಯಿ ಯಾರೆಂದು ಹೊರುವವಳೂ ಬಯಸಿದವರೂ ಒಪ್ಪಿ ಬರೆದುಕೊಡಲಿ, ಅದನ್ನು ಎಲ್ಲ ದೇಶಗಳೂ ಒಪ್ಪಲಿ. ತಪ್ಪಾದರೆ ತಿದ್ದಲು ಅವಕಾಶವಿರಲಿ. ತಿದ್ದುವವರೆಗೂ ಕೂಸು ತಾಯಿಯ ತೋಳಲ್ಲೇ ಇರಲಿ.

ಈಗ ಗಂಟೆ ಹನ್ನೆರಡೂ ಇಪ್ಪತ್ತು. ಸಹಿ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ‘ಮಗುವಿಗೂ ನಿಮಗೂ ಇರುವ ಸಂಬಂಧ’ ಎಂಬಲ್ಲಿ ‘ಏನೂ ಇಲ್ಲ’ ಎಂದು ನನ್ನ ಕೈಯಿಂದಲೇ ಬರೆಸಿದರು. ಮುದ್ರೆ ಬಿದ್ದ ಕೂಡಲೇ ಗೋಡೆಯ ಕಡೆ ತಿರುಗಿ ನಿಲ್ಲಲು ಹೇಳಿದರು, ನಿಂತೆ. ಒಳಬಾಗಿಲು ತೆರೆಯಿತು, ಕೂಸಿನ ಅಳು ಹತ್ತಿರ ಬಂತು. ಸರ್ವಮಂಗಳಾ ನನ್ನ ಬೆನ್ನ ಹಿಂದೆಯೇ ನಿಂತು, “ಅತ್ತಿ ನೋಡವ್ವಾ, ಅತ್ತಿ!” ಅಂದಳು.

“ಇಲ್ಲಿ ಅತ್ತೆ ಅಂತ ಯಾರೂ ಇಲ್ಲಮ್ಮಾ, ನಡೀರಿ,” ಅಂದ ಅಧಿಕಾರಿ.

ನಾನು ತಿರುಗಲಿಲ್ಲ.

ನೀಲಗಂಗಾ