ಮುಟ್ಟಿ ನೋಡಿದ ಮೊಲ

ಪುಷ್ಯ ಮಾಸದ ಮೂವತ್ತನಾಲ್ಕನೇ ದಿನ, ೨೩೧೧

ಹಿರಿಯರೇ,

ಮಾಸಕ್ಕೆ ಮೂವತ್ತನಾಲ್ಕು ದಿನವೇ ಎಂದು ಹುಬ್ಬೇರಿಸಬೇಡಿ. ನಮ್ಮ ಕಾಲಕ್ಕೆ ಪಂಚಾಂಗವನ್ನೂ ಸರ್ಕಾರ ತಿದ್ದಿದೆ. ಈ ಕಾಗದ ನಿಮ್ಮ ಕಾಲಕ್ಕೆ ಹಿಂದಕ್ಕೆ ಹೇಗೆ ಬಂತೆಂದು ಟಪಾಲಿನವರನ್ನೇ ಕೇಳಿ. ತಿಳಿಯದ ಪದ ಬಂದರೆ ಕ್ಷಮಿಸಿ. ನಾನು ದುರುಗವ್ವ. ಬೇಟೆನಾಯಿ ಸಾಕುವುದು ನಮ್ಮ ಮನೆತನದ ಕಸುಬು.

ಸಂಕ್ರಾಂತಿಗೆ ಕುರುಚಲು ಬಯಲಿನಿಂದ ಮೊಲ ಹಿಡಿದು, ಹಣೆಗೆ ಕುಂಕುಮ ಹಚ್ಚಿ, ಓಡಲು ಬಿಟ್ಟು, ಹಿಂದೆ ನಾಯಿ ಬಿಡುವುದು ನಮ್ಮಲ್ಲಿನ ಹಳೆಯ ಪದ್ಧತಿ. ನಿಮ್ಮ ಕಾಲದಲ್ಲಿ ಅದು ನಾಯಿಯ ಹಲ್ಲಿನಲ್ಲಿ ಮುಗಿಯುತ್ತಿತ್ತಂತೆ. ಆಮೇಲೆ ಓಟಗಾವಲು ಇಲಾಖೆ ಹುಟ್ಟಿತು. ಓಟದ ಮೇಲೆ ಕಣ್ಣಿಡುವುದೇ ಅದರ ಕೆಲಸ. ಎತ್ತುಗಳಿಗೆ ಕಟ್ಟುವಂತೆ ನಾಯಿಗಳಿಗೂ ಬಾಯಿಕುಕ್ಕೆ ಕಟ್ಟಿಸಿತು. ಒಳ್ಳೆಯದೇ ಮಾಡಿತು, ಬಾಯಿತುಂಬ ಹೊಗಳುತ್ತೇನೆ.

ಆದರೆ ಅಷ್ಟಕ್ಕೆ ನಿಲ್ಲಲಿಲ್ಲ. ಓಟ ಮುಗಿದ ಮೊಲವನ್ನು ಮತ್ತೆ ಹಿಡಿದು, ಮೇಜಿನ ಮೇಲೆ ಮಲಗಿಸಿ, ಹಲ್ಲು, ಕಿವಿ, ಪಾದ ನೋಡಿ, ಎದೆಬಿಲ್ಲೆ ಅಂಟಿಸಿ, ಕ್ಷೇಮವೆಂದು ಬರೆದು ಬಿಡಬೇಕೆಂಬ ನಿಯಮ ಬಂತು. ಎದೆಬಿಲ್ಲೆಯೆಂದರೆ ಗುಂಡಿಗೆಯ ಬಡಿತ ಕೇಳುವ ಪುಟ್ಟ ಯಂತ್ರ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕ್ಷೇಮವಾಗಿದ್ದ ಮೊಲಗಳು ಒಂದೆರಡು ದಿನದಲ್ಲಿ ಪೊದೆಯೊಳಗೆ ಸತ್ತು ಬಿದ್ದಿರುತ್ತಿದ್ದವು. ಹಿಡಿದರೆ ಸಾಕು, ಅಂಜಿಕೆಗೇ ಎದೆ ಒಡೆದುಕೊಳ್ಳುವ ಜೀವ ಅದು. ಇಲಾಖೆ ಮಾತ್ರ ಓಟವೇ ಕೊಂದಿತೆಂದು ತಿಳಿದು, ಓಟಕ್ಕೆ ಮೊದಲೂ ಒಂದು ತಪಾಸಣೆ ಸೇರಿಸಿತು. ಸಾವು ಹೆಚ್ಚಿದಂತೆ ತಪಾಸಣೆಯೂ ಹೆಚ್ಚಿತು. ನಾಯಿ ಸಾಕುವವರು ಎಷ್ಟು ಹೇಳಿದರೂ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಕೊನೆಗೆ ಓಟವನ್ನೇ ನಿಷೇಧಿಸಿದರು. ತಪಾಸಣೆ ಉಳಿಯಿತು.

ನಮ್ಮ ಬಯಲಿನಲ್ಲಿ ಒಂದೇ ಮೊಲ ಉಳಿದಿತ್ತು. ಬೂದಿ ಎಂದು ಕರೆಯುತ್ತಿದ್ದೆ. ಬೆಳಗ್ಗೆ ನನ್ನ ನಾಯಿ ಚಿಗರಿಯನ್ನು ಕಟ್ಟಿ ಕೂತರೆ, ದೂರದಲ್ಲಿ ಹುಲ್ಲು ಮೆಲ್ಲುತ್ತ ನಮ್ಮನ್ನೇ ನೋಡುತ್ತಿತ್ತು. ಚಿಗರಿ ಬಾಲ ಅಲ್ಲಾಡಿಸುತ್ತಿದ್ದಳು. ನನಗೆ ಅಷ್ಟೇ ಸಾಕಾಗಿತ್ತು.

ನಿನ್ನೆ ಇಲಾಖೆಯ ಡಾಕ್ಟರು ವಿಶಾಲಾಕ್ಷಿ ಬಲೆ ಹಿಡಿದು ಬಂದರು. ಕೆಟ್ಟವರಲ್ಲ, ಗಾಯಗೊಂಡ ಗುಬ್ಬಿಗೂ ಅಳುವ ಹೆಂಗಸು. ನಾನು ಬಲೆಗೆ ಅಡ್ಡ ನಿಂತೆ. “ದೂರದಿಂದ ನೋಡ್ರಿ ಡಾಕ್ಟ್ರ, ಹಿಡೀಬ್ಯಾಡ್ರಿ. ಇದೊಂದ ಉಳದೈತಿ” ಅಂದೆ.

“ಮುಟ್ಟಿ ನೋಡದನ ಸತ್ತುಹೋದ್ರ ನಾ ಏನಂತ ಹೇಳ್ಲಿ, ದುರುಗವ್ವಾ?” ಅಂದರು. ಅವರಿಗೂ ಮೇಲಿನವರ ಭಯ.

ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಬಲೆಗೆ ಬಿದ್ದ ಬೂದಿಯನ್ನು ಬಾಣಂತಿಯ ಕೂಸನ್ನು ಎತ್ತಿದಂತೆ ಎತ್ತಿಕೊಂಡರು. ಬೂದಿ ಒದ್ದಾಡಲಿಲ್ಲ. ಕಣ್ಣು ಅರಳಿಸಿಕೊಂಡು ಸುಮ್ಮನೆ ಇತ್ತು. ಅಂಟಿಸಿದ ಎದೆಬಿಲ್ಲೆ ಬಡಬಡ ಬಡಿದು ನಿಂತುಹೋಯಿತು. ಡಾಕ್ಟರು ಯಂತ್ರ ಕೆಟ್ಟಿತೆಂದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನಾವಿಬ್ಬರೂ ಬಯಲಲ್ಲೇ ಕೂತು ಅತ್ತೆವು.

ಹಿರಿಯರೇ, ನಾಯಿಗಳ ಬಾಯಿ ಕಟ್ಟಿ. ಬೇಟೆ ನಿಲ್ಲಿಸಿ. ಕುರುಚಲು ಬಯಲನ್ನು ಯಾರಿಗೂ ಮಾರಬೇಡಿ. ಕಾನೂನು ಬೇಕು, ಬೇಡವೆನ್ನುವಷ್ಟು ಹುಚ್ಚಿ ನಾನಲ್ಲ. ಆದರೆ ನಿಮ್ಮ ಕರುಣೆ ಕಣ್ಣಲ್ಲೇ ಇರಲಿ, ಕೈಗಿಳಿಯದಿರಲಿ.

ಈಗ ನಿಮ್ಮ ಹೊಲದ ಬದುವಿನಲ್ಲಿ ಒಂದು ಮೊಲ ಕೂತಿರಬಹುದು. ದಯವಿಟ್ಟು ಅದರ ಹತ್ತಿರ ಹೋಗಬೇಡಿ.

ದುರುಗವ್ವ